ನಮ್ಮವರು ಯಾರೂ ಇಲ್ಲದ ಊರಿಗೆ

ಮಕ್ಕಳ ಬೇಸಿಗೆ ರಜೆಗೆ ಈ ಸಲ ಬ್ರೆಜಿಲಿಗೆ ಹೋಗೋಣ ಎಂದು ನಾನು ಮೊದಲ ಬಾರಿ ಬಾಯಿ ಬಿಟ್ಟದ್ದು ಮುಂಬಯಿ ಹತ್ತಿರದ ಕಾಮೋಠೆಯ ನಮ್ಮ ಮನೆಯಲ್ಲಿ, ಒಂದು ಭಾನುವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕುಳಿತಿದ್ದಾಗ. ಅತ್ತೆ ಬಂಗುಡೆ ಗಸಿ ಬಡಿಸುತ್ತಿದ್ದರು. ದೊಡ್ಡ ತುಂಡು ಮಗನ ತಟ್ಟೆಗೋ ಮೊಮ್ಮಗನ ತಟ್ಟೆಗೋ ಎಂದು ಲೆಕ್ಕ ಹಾಕುತ್ತಿದ್ದವರು ಸೌಟನ್ನು ಹಾಗೆಯೇ ಹಿಡಿದು ನನ್ನ ಕಡೆ ತಿರುಗಿದರು.

"ಅಲ್ಲಿ ಯಾರುಂಟು ನಮ್ಗೆ?"

"ಯಾರೂ ಇಲ್ಲ ಮಾಮಿ." ಅತ್ತೆಯನ್ನು ನಾನು ತುಳು ರೂಢಿಯಂತೆ ಮಾಮಿ ಎಂದೇ ಕರೆಯುವುದು.

"ಯಾರೂ ಇಲ್ಲದ ಮೇಲೆ ಹೋಗುದು ಎಂತಕ್ಕೆ?"

ಅವರು ಇದನ್ನು ಸಿಟ್ಟಿನಿಂದ ಕೇಳಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದರು. ನಮ್ಮ ಉಡುಪಿ, ಮಂಗಳೂರು ಕಡೆಯವರು ಲೋಕವನ್ನೆಲ್ಲ ಸುತ್ತಿದ್ದಾರೆ, ಆದರೆ ಸುತ್ತಿದ್ದು ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದುಕೊಂಡು. ನನ್ನ ಮಾವ ಮುಂಬಯಿಗೆ ಬಂದದ್ದು ತಮ್ಮ ಸೋದರಮಾವನ ಹೋಟೆಲಿಗೆ. ನನ್ನ ಅಪ್ಪ ಡೊಂಬಿವಲಿಗೆ ಬಂದದ್ದು ಊರಿನ ನೆರೆಮನೆಯವರ ಖೋಲಿಗೆ. ಗಂಡನ ಅಣ್ಣ ಮಸ್ಕತ್ತಿಗೆ ಹೋದದ್ದು ಅವರ ಹೆಂಡತಿಯ ಅಣ್ಣ ಅಲ್ಲಿದ್ದಾರೆಂದು. ಎಲ್ಲಿಗೆ ಹೊರಟರೂ ಇಳಿಯುವಲ್ಲಿ ಒಬ್ಬರು ಬಂದು ನಿಂತಿರಬೇಕು, ಮಲಗಲು ಅವರ ಮನೆಯಲ್ಲೊಂದು ಚಾಪೆ ಇರಬೇಕು, ನಮ್ಮ ಚೀಲದಲ್ಲಿ ಅವರಿಗೆಂದು ಕಟ್ಟಿಕೊಟ್ಟ ಉಪ್ಪಿನಕಾಯಿ ಇರಬೇಕು. ಹಾಗಿದ್ದರೆ ಮಾತ್ರ ಅದು ಪ್ರಯಾಣ. ಇಲ್ಲದಿದ್ದರೆ ಅದಕ್ಕೆ ನಮ್ಮಲ್ಲಿ ಇರುವ ಮಾತು 'ತಿರುಗುವುದು'. ಮರ್ಯಾದಸ್ಥರು ತಿರುಗುವುದಿಲ್ಲ.

ಇನ್ನು ರಜೆ. ಶಾಲೆ ಮುಚ್ಚಿದ ವಾರವೇ ಪನ್ವೇಲಿನಿಂದ ಉಡುಪಿಗೆ ರೈಲು, ಜೂನಿನ ಮಳೆ ಶುರುವಾಗುವಾಗ ವಾಪಸು. ಮದುವೆಯಾದಂದಿನಿಂದ ಪ್ರತಿ ವರ್ಷವೂ ಇದೇ. ನನಗೆ ಅದರ ಮೇಲೆ ದ್ವೇಷವೇನಿಲ್ಲ. ಮಕ್ಕಳಿಗೂ ಇಷ್ಟವೇ. ಆದರೆ ಅದನ್ನು ಬಿಟ್ಟು ಬೇರೆ ರಜೆಯೂ ಇರಬಹುದೆಂಬುದು ಯಾರ ತಲೆಗೂ ಬಂದಿರಲಿಲ್ಲ.

ನನ್ನ ತಲೆಗೆ ಬಂದದ್ದು ಹೇಗೆಂದು ಹೇಳಬೇಕು.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಅಪ್ಪ ಅಂಬರನಾಥದ ಒಂದು ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದವರು, ಅಮ್ಮ ಅಕ್ಷರ ಕಲಿತವರಲ್ಲ. ಡೊಂಬಿವಲಿ ಪೂರ್ವದ ಚಾಳಿನಲ್ಲಿ, ಮನೆಯೊಳಗೆ ಜಾಗವಿಲ್ಲದೆ ಹೊರಗಿನ ಜಗಲಿಯಲ್ಲಿ ಕುಳಿತು ಓದಿ ಬಿ.ಕಾಂ. ಮುಗಿಸಿದೆ. ಫಲಿತಾಂಶ ಬಂದ ದಿನ ಅಪ್ಪ ಪೇಡೆಯ ಪೆಟ್ಟಿಗೆ ಹಿಡಿದು ತಮ್ಮ ಕಂಟ್ರಾಕ್ಟರರ ಮನೆಗೆ ಹೋದರು. "ಮಗಳಿಗೆ ಎಲ್ಲಿಯಾದ್ರೂ ಒಂದು ಮಾತು ಹೇಳಿ ಧಣಿ" ಎಂದರಂತೆ. ಅವರು ಹೇಳುತ್ತೇನೆ ಎಂದರು. ಅಪ್ಪ ಕಾದರು, ನಾನೂ ಕಾದೆ. ಮಳೆಗಾಲ ಹೋಯಿತು, ದೀಪಾವಳಿ ಹೋಯಿತು. ಒಂದು ಬೆಳಿಗ್ಗೆ ಪೇಪರಿನಲ್ಲಿ ಬಂದಿದ್ದ ಜಾಹೀರಾತು ಹರಿದುಕೊಂಡು, ಅಪ್ಪನಿಗೆ ಹೇಳದೆ ವಾಶಿಗೆ ಹೊರಟೆ. ಆಗ ಠಾಣೆಯಿಂದ ಅತ್ತ ರೈಲು ಇನ್ನೂ ಶುರುವಾಗಿರಲಿಲ್ಲ, ಬಸ್ಸೇ ಗತಿ. ಹಡಗಿನ ಸರಕಿನ ಕಾಗದಪತ್ರ ನೋಡಿಕೊಳ್ಳುವ ಕಚೇರಿ ಅದು. ಮ್ಯಾನೇಜರ್ ನನ್ನ ಮಾರ್ಕ್ಸ್‌ಕಾರ್ಡ್ ನೋಡುವ ಮೊದಲೇ ಕೇಳಿದ:

"ಕಿಸ್ನೆ ಭೇಜಾ?"

"ಕಿಸೀನೇ ನಹೀ. ಮೈ ಖುದ್ ಆಯೀ."

ಯಾರೂ ಕಳಿಸದೆ ತಾನಾಗಿ ಬಂದವಳನ್ನು ನೋಡಿ ಆತನಿಗೆ ಏನೆನ್ನಿಸಿತೋ, ಟೈಪಿಂಗ್ ಪರೀಕ್ಷೆ ಕೊಟ್ಟ, ಕೆಲಸವನ್ನೂ ಕೊಟ್ಟ. ಇಂದಿಗೂ ಅದೇ ಕಚೇರಿಯಲ್ಲಿದ್ದೇನೆ, ಈಗ ದಕ್ಷಿಣ ಅಮೆರಿಕದ ಸರಕೆಲ್ಲ ನನ್ನ ಟೇಬಲ್ಲಿನ ಮೂಲಕವೇ ಹೋಗುವುದು. ಕಳಂಬೋಲಿಯ ಕಬ್ಬಿಣದ ಪೇಟೆಯಿಂದ ಲಾರಿಯಲ್ಲಿ ಹೊರಟ ಪೈಪುಗಳು ಬಂದರಿನಲ್ಲಿ ಕಂಟೇನರು ಸೇರಿ ಸಾಂಟೋಸ್ ಎಂಬ ಊರಿಗೆ ಹೋಗುತ್ತವೆ. ಸಾಂಟೋಸ್ ಎಂದರೆ ಸಾವೊ ಪಾಲೊ ನಗರದ ಬಂದರು. ಆ ಹೆಸರನ್ನು ನಾನು ನನ್ನ ಮಕ್ಕಳ ಹೆಸರಿಗಿಂತ ಹೆಚ್ಚು ಸಲ ಬರೆದಿರಬಹುದು. ಕಬ್ಬಿಣದ ಪೈಪು ಕೂಡ ಹೋಗಿ ನೋಡಿದ ಊರನ್ನು ನಾನು ನೋಡಿಲ್ಲ ಎಂದು ಎಷ್ಟೋ ಸಲ ಅನ್ನಿಸಿತ್ತು. ಅದು ಬರಿಯ ಆಸೆ, ಹಟವಾಗಿರಲಿಲ್ಲ.

ಹಟವಾದದ್ದು ಮಗಳಿಂದ. ಆಗ ಅವಳು ಆರನೇ ತರಗತಿ. ಠಾಣೆಯ ಒಂದು ಶಾಲೆಯಲ್ಲಿ ಗಣಿತದ ಪರೀಕ್ಷೆಯೊಂದಕ್ಕೆ ಅವಳನ್ನು ಗೇಟಿನೊಳಗೆ ಬಿಟ್ಟು ನಾನು ಹೊರಗೆ ನಿಂತಿದ್ದೆ. ಪರೀಕ್ಷೆ ಮುಗಿಯುವ ಹೊತ್ತಿಗೆ ಒಳಗೆ ಹೋದರೆ ಹುಡುಗಿ ಇನ್ನೂ ಮೆಟ್ಟಿಲ ಬಳಿಯೇ ನಿಂತಿದ್ದಾಳೆ! ಯಾವ ಕೋಣೆ ಎಂದು ಗೊತ್ತಾಗಲಿಲ್ಲವಂತೆ. ಪಕ್ಕದಲ್ಲೇ ಜವಾನ, ಟೀಚರು, ಬೇಕಾದಷ್ಟು ಮಕ್ಕಳು.

"ಕೇಳಬಾರದಿತ್ತಾ?" ಎಂದೆ.

"ಮಮ್ಮಿ, ಓಳಖೀಚಾ ಕೋಣೀಚ್ ನವ್ಹತಾ" ಎಂದಳು ಮರಾಠಿಯಲ್ಲಿ. ಗುರುತಿನವರು ಯಾರೂ ಇರಲಿಲ್ಲ, ಎಂದು.

ಬುದ್ಧಿಯಿಲ್ಲದ ಹುಡುಗಿಯಲ್ಲ. ಆದರೆ ಅಂಗಡಿಗೆ ಹೋದರೆ ಅಜ್ಜಿ ಹೇಳಿದರು ಎಂದರೆ ಸಾಕು, ಅಂಗಡಿಯವರು ನಮ್ಮೂರಿನವರು. ಡಾಕ್ಟರು ನಮ್ಮವರು. ಉಡುಪಿಯ ರೈಲಿನಲ್ಲಿ ಒಂದು ಬೋಗಿಯ ಅರ್ಧ ಜನ ಪರಿಚಯದವರು. ಗುರುತಿಲ್ಲದವರ ಮುಂದೆ ಬಾಯಿ ತೆರೆಯುವ ಅಗತ್ಯವೇ ಅವಳಿಗೆ ಬಂದಿರಲಿಲ್ಲ. ಆ ದಿನ ಠಾಣೆಯಿಂದ ಮನೆಗೆ ಬರುವವರೆಗೂ ನನಗೆ ಅದೇ ಯೋಚನೆ. ನಾನು ಜಗಲಿಯಲ್ಲಿ ಕುಳಿತು ಓದಿ ಸಂಪಾದಿಸಿದ ಧೈರ್ಯವನ್ನು ಇವಳು ಒಳಗೆ ಹಾಯಾಗಿ ಕುಳಿತು ಕಳೆದುಕೊಳ್ಳುತ್ತಿದ್ದಾಳೆ ಎನ್ನಿಸಿತು. ಈ ರಜೆಯಲ್ಲಿ ಇವಳನ್ನೂ ಇವಳ ತಮ್ಮನನ್ನೂ ನಮ್ಮವರು ಒಬ್ಬರೂ ಇಲ್ಲದ ಒಂದು ದೊಡ್ಡ ಊರಿನ ನಡುವೆ ಇಳಿಸಬೇಕು ಎಂದು ನಿರ್ಧರಿಸಿದೆ. ಯಾವ ಊರು ಎಂದು ಯೋಚಿಸಬೇಕಾಗಿಯೇ ಇರಲಿಲ್ಲ.

ನನ್ನ ಗಂಡ ಕಳಂಬೋಲಿಯಲ್ಲಿ ಕಬ್ಬಿಣ ವ್ಯಾಪಾರಿಯೊಬ್ಬರ ಗೋದಾಮು ನೋಡಿಕೊಳ್ಳುವವರು. ಯಾರ ಮನಸ್ಸನ್ನೂ ನೋಯಿಸಬಾರದೆನ್ನುವ ಮನುಷ್ಯ. "ಗೋವಾ ಆದ್ರೆ ಆಗ್ತಿರ್ಲಿಲ್ವಾ?" ಎಂದು ಒಮ್ಮೆ ಕೇಳಿದರು.

"ಗೋವಾದಲ್ಲಿ ನಿಮ್ಮ ದೊಡ್ಡಪ್ಪನ ಮಗ ಇಲ್ವಾ?"

"ಉಂಟು."

"ಅದಕ್ಕೇ ಬೇಡ."

ಅವರು ನಕ್ಕರು. ದುಡ್ಡಿನ ಮಾತು ಏಳಲಿಲ್ಲ, ಅದು ನನ್ನ ಸಂಬಳದಲ್ಲಿ ವರ್ಷಗಟ್ಟಲೆ ತೆಗೆದಿಟ್ಟದ್ದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅಂದಿನಿಂದ ನಮ್ಮ ಊಟದ ಮೇಜಿನ ಮೇಲೆ ಸಾವೊ ಪಾಲೊದ ನಕಾಶೆ. ಸಂಜೆ ಕಚೇರಿಯಿಂದ ಬಂದು ಮಕ್ಕಳನ್ನು ಎದುರು ಕೂರಿಸಿಕೊಂಡು ನೋಡುತ್ತಿದ್ದೆ. ಮೆಟ್ರೋ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಬಾಡಿಗೆ ಫ್ಲಾಟು, ಕೆಳಗೆ ಬೇಕರಿ ಇದ್ದರೆ ಒಳ್ಳೆಯದು. ಮಗನಿಗೆ ಡೈನೋಸಾರಿನ ಎಲುಬು ಇರುವ ಮ್ಯೂಸಿಯಂ ಬೇಕು. ಮಗಳಿಗೆ ಎತ್ತರದ ಕಟ್ಟಡದ ಮೇಲೆ ನಿಂತು ಊರು ನೋಡಬೇಕು. ಮೂರನೇ ತರಗತಿಯ ಮಗ ಒಂದು ದಿನ ಅಜ್ಜಿಯ ಹತ್ತಿರ ಹೋಗಿ "ಅಜ್ಜಿ, ಉಧರ್ ಅಪ್ನಾ ರಾತ್ ಹೈ ತೋ ಉನ್ಕಾ ದಿನ್ ಹೈ" ಎಂದು, ನಮಗೆ ರಾತ್ರಿಯಾದಾಗ ಅಲ್ಲಿಯವರಿಗೆ ಹಗಲು ಎಂಬುದನ್ನು ವಿವರಿಸಿದ. ಅತ್ತೆ, "ಹಗಲಲ್ಲಿ ನಿದ್ದೆ, ರಾತ್ರಿ ಊಟ. ಒಳ್ಳೆ ಊರು" ಎಂದರು.

ದಿನಕ್ಕೊಂದು ತಕರಾರು ಅವರದು. ಕಳ್ಳರ ಊರಂತೆ. ದನ ತಿನ್ನುವವರಂತೆ. ವಿಮಾನದಲ್ಲಿ ಒಂದಿಡೀ ದಿನ ಕೂರಬೇಕಂತೆ. ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ. ಕಳ್ಳರು ದಾದರಿನಲ್ಲಿಲ್ಲವೇ, ಎಂದೆ. ಅಲ್ಲಿಯೂ ಅನ್ನವಿದೆ, ಕಪ್ಪು ಅವರೆಯ ಹಾಗಿನ ಕಾಳಿನ ಸಾರಿದೆ, ಎಂದೆ. ಉಡುಪಿಯ ರೈಲಿನಲ್ಲಿ ಹಳಿಯ ಮೇಲೆ ಗುಡ್ಡ ಕುಸಿದಾಗ ನಾವು ರತ್ನಾಗಿರಿಯಲ್ಲಿ ಇಡೀ ದಿನ ಕುಳಿತಿರಲಿಲ್ಲವೇ, ಎಂದೆ. ಕೊನೆಗೆ ಎಲ್ಲವೂ ಸುತ್ತಿ ಬಂದು ಮೊದಲಿನ ಪ್ರಶ್ನೆಗೇ ನಿಲ್ಲುತ್ತಿತ್ತು.

ಬ್ರೆಜಿಲಿಗೆ ಹೋಗಿ ಬರುವವರು ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡಿರಬೇಕು, ಇಲ್ಲವಾದರೆ ವಾಪಸು ಬಂದಾಗ ಇಲ್ಲಿ ತಡೆಯುತ್ತಾರೆ. ಅದಕ್ಕಾಗಿ ಮುಂಬಯಿಗೆ ಹೋಗಿ ಸಾಲಿನಲ್ಲಿ ನಿಂತೆವು. ಸಾಲಿನಲ್ಲಿದ್ದವರೆಲ್ಲ ಹಡಗಿನ ಕೆಲಸದವರು, ಆಫ್ರಿಕಾಕ್ಕೆ ಹೋಗುವ ವ್ಯಾಪಾರಿಗಳು. ಮಕ್ಕಳ ಕೈ ಹಿಡಿದು ನಿಂತವರು ನಾವು ಮಾತ್ರ. ಸೂಜಿ ಹಿಡಿದ ಡಾಕ್ಟರಮ್ಮನೂ ಅಲ್ಲಿ ನೆಂಟರಿದ್ದಾರೆಯೇ ಎಂದೇ ಕೇಳಿದರು, "ಉಧರ್ ರಿಶ್ತೇದಾರ್ ಹೈ ಕ್ಯಾ?"

"ನಹೀ. ಬಚ್ಚೋಂ ಕೋ ಘುಮಾನಾ ಹೈ." ಇಲ್ಲ, ಮಕ್ಕಳಿಗೆ ಊರು ತೋರಿಸಬೇಕು, ಎಂದೆ.

"ಬ್ರೆಜಿಲ್?" ಎಂದು ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಕಾಟನ್ ಸೀರೆ, ರೈಲಿನಲ್ಲಿ ಜಜ್ಜಿಹೋದ ಟಿಫಿನ್ ಚೀಲ. ನೋಡಲಿ ಎಂದು ನಾನೂ ನೆಟ್ಟಗೆ ನಿಂತೆ.

ಅದಾದ ಸ್ವಲ್ಪ ದಿನಕ್ಕೆ ಅತ್ತೆ ಇದ್ದಕ್ಕಿದ್ದಂತೆ ಮೆತ್ತಗಾದರು. ತಕರಾರು ನಿಂತಿತು. "ಮಕ್ಕಳಿಗೆ ಸ್ವೆಟರ್ ಬೇಡ್ವಾ? ನಮ್ಮ ಸೆಕೆಗಾಲದಲ್ಲಿ ಅಲ್ಲಿ ಚಳಿಯಂತೆ" ಎಂದು ಅವರೇ ಕೇಳಿದರು. ಆ ದಿನ ನಾನು ಎಷ್ಟು ಬೀಗಿದೆನೆಂದರೆ, ಕಚೇರಿಯಲ್ಲಿ ಎಲ್ಲರಿಗೂ ಹೇಳಿದೆ. ನಕಾಶೆ ಹರಡಿ ಸಮಾಧಾನವಾಗಿ ವಿವರಿಸಿದರೆ ಯಾರಿಗಾದರೂ ಅರ್ಥವಾಗುತ್ತದೆ, ಓದಿದ್ದು ಇದಕ್ಕೇ ಅಲ್ಲವೇ, ಎಂದೆಲ್ಲ ಭಾಷಣ ಮಾಡಿದೆ. ಟಿಕೆಟ್ ತೆಗೆದೆವು. ಸ್ವೆಟರಿಗೆಂದು ಕಲ್ಯಾಣದ ಪೇಟೆಗೆ ಹೋದೆವು. ಬೆವರು ಸುರಿಯುವ ಮೇ ತಿಂಗಳಿನಲ್ಲಿ ಉಣ್ಣೆ ಕೇಳಿದವರನ್ನು ಕಂಡು ಅಂಗಡಿಯವನು ಒಳಗಿದ್ದವನನ್ನು ಕೂಗಿ ಕರೆದ, ನೋಡು ಬಾ ಎಂದು. ಅಟ್ಟದಿಂದ ಹಳೆಯ ಮೂಟೆ ಇಳಿಸಿ ಬಿಚ್ಚಿದರೆ ನುಸಿಗುಳಿಗೆಯ ವಾಸನೆ. ಮಗ ಅಲ್ಲಿಯೇ ಒಂದು ತೊಟ್ಟುಕೊಂಡು, ತೆಗೆಯುವುದಿಲ್ಲ ಎಂದು ಹಟ ಮಾಡಿ ರೈಲಿನಲ್ಲಿ ಬೆಂದುಹೋದ.

ಮರುದಿನ ಡೊಂಬಿವಲಿಯಿಂದ ಚಿಕ್ಕಮ್ಮ ಬಂದರು. ಚಿಕ್ಕಮ್ಮ ಎಂದರೆ ಅತ್ತೆಯ ತಂಗಿ. ಬರುವಾಗ ಎರಡು ಚೀಲ. ಒಂದರಲ್ಲಿ ಮಿಡಿ ಉಪ್ಪಿನಕಾಯಿಯ ಡಬ್ಬ, ಅದಕ್ಕೆ ಸುತ್ತಲೂ ಬಿಗಿದ ಪ್ಲಾಸ್ಟಿಕ್ಕು. ಇನ್ನೊಂದರಲ್ಲಿ ಹಲಸಿನ ಹಪ್ಪಳ, ಕುಚ್ಚಲಕ್ಕಿ.

"ಇಷ್ಟೆಲ್ಲ ಎಂತಕ್ಕೆ ಚಿಕ್ಕಮ್ಮ? ನಾವು ನಾಲ್ಕು ಜನ, ಸ್ವಲ್ಪ ದಿನಕ್ಕೆ."

"ನಿಮ್ಗಲ್ಲ ಮಾರಾಯ್ತಿ. ಆ ಹುಡುಗನಿಗೆ."

"ಯಾವ ಹುಡುಗ?"

ಅತ್ತೆ ನನ್ನನ್ನು ನೋಡಿ ಕನಿಕರದಿಂದ ನಕ್ಕರು. "ಅದೇ, ನಿಮ್ಮ ಸಾಂಟೋಸಿನವ. ಮೂಲ್ಕಿ ಕಡೆಯವ. ಹಡಗಿನ ಆಫೀಸಿನಲ್ಲಿ ಇರುವವ. ನೀನು ನಂಗೆ ಹೇಳ್ಲಿಲ್ಲ, ಮಗ ಹೇಳಿದ."

ಕುರ್ಚಿಯಲ್ಲಿದ್ದ ಗಂಡ ಎದ್ದು ನೀರು ಕುಡಿಯಲು ಒಳಗೆ ಹೋದರು.

"ಒಬ್ಬನೇ ಇರುದಂತೆ ಪಾಪ" ಎಂದರು ಚಿಕ್ಕಮ್ಮ. "ನಮ್ಮ ಊಟ ಕಾಣದೆ ಎಷ್ಟು ಕಾಲ ಆಯ್ತೋ." ಆಮೇಲೆ ಸೆರಗಿನ ಮರೆಯಿಂದ ಒಂದು ಲಕೋಟೆ ತೆಗೆದು ನನ್ನ ಕೈಗೆ ಕೊಟ್ಟರು. ಒಳಗೆ ಅವರ ಮಗಳ ಫೋಟೋ, ಹಸಿರು ಸೀರೆಯಲ್ಲಿ. "ಇದನ್ನು ಕೊಡುದಲ್ಲ ಆಯ್ತಾ. ತೋರಿಸುದು ಮಾತ್ರ. ಕೊಟ್ರೆ ನಾವೇ ಮೇಲೆ ಬಿದ್ದ ಹಾಗೆ ಆಗ್ತದೆ. ಅವನಾಗಿ ಕೇಳಿದ್ರೆ ಕೊಡು."

"ಬರಿಯೂ ಬೇರೆ" ಎಂದರು ಅತ್ತೆ ತೃಪ್ತಿಯಿಂದ. "ನಾನು ಮೊದ್ಲೇ ಕೇಳಿಟ್ಟಿದ್ದೇನೆ." ಬರಿ ಎಂದರೆ ತಾಯಿಯ ಕಡೆಯಿಂದ ಬರುವ ಕುಲದ ಹೆಸರು, ಗೋತ್ರದ ಹಾಗೆ. ಒಂದೇ ಬರಿಯವರಿಗೆ ನಮ್ಮಲ್ಲಿ ಮದುವೆ ಸಂಬಂಧವಿಲ್ಲ. ಮದುವೆಯ ಮಾತು ಶುರುವಾಗುವುದೇ ಆ ಪ್ರಶ್ನೆಯಿಂದ.

ಅಡುಗೆಮನೆಗೆ ಹೋದೆ. ಗಂಡ ನಲ್ಲಿ ಬಿಟ್ಟುಕೊಂಡು ಒಂದೇ ಲೋಟವನ್ನು ತೊಳೆಯುತ್ತಾ ನಿಂತಿದ್ದರು.

"ಯಾರು ಮಾರಾಯ್ರೆ ಅದು?"

"ಮೆಲ್ಲ ಮಾತಾಡು. ಅಮ್ಮ ಬಿಡ್ಲಿಲ್ಲ. ಬೆಳಿಗ್ಗೆ ಎದ್ರೆ ಯಾರುಂಟು, ಮಲಗುವಾಗ ಯಾರುಂಟು. ಒಂದು ದಿನ ಉಂಟು ಅಂದುಬಿಟ್ಟೆ."

"ಅಂದ್ರಿ. ಮದುವೆ ಆಗಿದೆ ಅಂತ ಹೇಳ್ಲಿಕ್ಕೆ ಏನಾಗಿತ್ತು?"

"ಆ ಹೊತ್ತಿಗೆ ಹೊಳೀಲಿಲ್ಲ."

"ಅದರ ಮೇಲೆ ಅವನಿಗೊಂದು ಬರಿಯನ್ನೂ ಕೊಟ್ಟಿದ್ದೀರಿ!"

"ಕೇಳಿದ್ರು. ಬಾಯಿಗೆ ಬಂದದ್ದು ಒಂದು ಹೇಳಿದೆ."

ನನಗೆ ನಗು ಬಂತು, ತಡೆಯಲಾಗಲಿಲ್ಲ. ಅವರೂ ನಕ್ಕರು, ಬದುಕಿದೆ ಎಂದುಕೊಂಡಿರಬೇಕು. "ಈಗ ಸುಮ್ನೆ ತಕ್ಕೊಂಡು ಹೋಗುವ. ಬಂದ ಮೇಲೆ ಅವನಿಗೆ ಬೇರೆ ಊರಿಗೆ ಬದಲಿ ಆಯ್ತು ಅಂದ್ರೆ ಮುಗೀತು. ಉಪ್ಪಿನಕಾಯಿ ನಾವೇ ತಿಂದ್ರಾಯ್ತು" ಎಂದರು.

ಅಷ್ಟರಲ್ಲಿ ನನ್ನ ನಗು ನಿಂತಿತ್ತು. ಅತ್ತೆ ಮಣಿದದ್ದು ನನ್ನ ನಕಾಶೆಗೆ ಅಲ್ಲ, ಇಲ್ಲದ ಒಬ್ಬ ಮೂಲ್ಕಿಯವನಿಗೆ. ಬಾಯಿ ಮುಚ್ಚಿಕೊಂಡಿದ್ದರೆ ಟಿಕೆಟ್ ಇದೆ, ಸ್ವೆಟರಿದೆ, ನಾವು ಹೋಗಿಯೇ ಹೋಗುತ್ತೇವೆ. ಬಾಯಿ ಬಿಟ್ಟರೆ ಮಕ್ಕಳನ್ನು ಕಳಿಸುತ್ತಾರೋ ಇಲ್ಲವೋ. ಆದರೆ ಹೊರಗೆ ನನ್ನ ಮಗಳು ಚಿಕ್ಕಮ್ಮನ ಪಕ್ಕ ಕುಳಿತು ಎಲ್ಲವನ್ನೂ ಕೇಳುತ್ತಿದ್ದಳು. ಅಲ್ಲಿ ನಮ್ಮವನೊಬ್ಬ ಇದ್ದಾನೆ, ಹಾಗಾಗಿ ಹೋಗಬಹುದು ಎಂದು ಕಲಿಯುತ್ತಿದ್ದಳು. ಅದನ್ನು ಕಲಿಸಲು ಭೂಮಿಯ ಆ ಕಡೆಗೆ ಯಾಕೆ ಹೋಗಬೇಕು? ಉಡುಪಿಯೇ ಸಾಕು. ಮತ್ತೆ ಆ ಲಕೋಟೆ. ಅದರೊಳಗಿನ ಹುಡುಗಿಗೆ ನಾವು ವಾಪಸು ಬರುವ ತನಕ ಏನೇನು ಹೇಳಿ ಇಟ್ಟಿರುತ್ತಾರೋ.

ಹೊರಗೆ ಬಂದು ಲಕೋಟೆಯನ್ನು ಚಿಕ್ಕಮ್ಮನ ಕೈಗೆ ವಾಪಸು ಕೊಟ್ಟೆ.

"ಚಿಕ್ಕಮ್ಮ, ಆ ಹುಡುಗ ಇಲ್ಲ."

"ಎಲ್ಲಿಗೆ ಹೋದ?"

"ಎಲ್ಲಿಗೂ ಹೋಗ್ಲಿಲ್ಲ. ಅಂಥವನು ಇಲ್ಲವೇ ಇಲ್ಲ. ಮಾಮಿಯ ಸಮಾಧಾನಕ್ಕೆ ಇವರು ಹೇಳಿದ್ದು. ನಮ್ಗೆ ಅಲ್ಲಿ ಯಾರೂ ಇಲ್ಲ."

ಅತ್ತೆ ಅಡುಗೆಮನೆಯ ಬಾಗಿಲಿನ ಕಡೆ ನೋಡಿದರು. ನನ್ನ ಗಂಡ ಅಲ್ಲಿ ಲೋಟ ಹಿಡಿದು ನಿಂತಿದ್ದರು. ತೊಳೆದ ಲೋಟವನ್ನೇ ಮತ್ತೆ ತೊಳೆಯಲು ಒಳಗೆ ತಿರುಗಿದರು. ಅದೇ ಉತ್ತರವಾಯಿತು.

"ನಾನು ಹುಡುಗಿಗೆ ಹೇಳಿ ಆಯ್ತಲ್ಲ" ಎಂದರು ಚಿಕ್ಕಮ್ಮ ಸಣ್ಣ ದನಿಯಲ್ಲಿ.

"ಅವಳ ಹತ್ರ ನಾನೇ ಮಾತಾಡ್ತೇನೆ" ಎಂದೆ. ಸಂಜೆಯೇ ಫೋನು ಮಾಡಿ ಎಲ್ಲ ಹೇಳಿದೆ. ಅವಳು ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು. ಜೋರಾಗಿ ನಕ್ಕು "ಸುಟಲೇ ಗ ವಹಿನೀ!" ಎಂದಳು. ಬದುಕಿಕೊಂಡೆ ಅತ್ತಿಗೆ, ಎಂದು. ಬಟಾಟೆವಡೆ ಸಿಗದ ಊರಿಗೆ ಯಾರು ಹೋಗುತ್ತಾರೆ ಎಂದೂ ಸೇರಿಸಿದಳು.

ಆದರೆ ಅದು ಸಂಜೆಯ ಮಾತು. ಆ ಹೊತ್ತಿನಲ್ಲಿ ಅತ್ತೆ ನನ್ನ ಎದುರಿಗಿದ್ದರು.

"ಹಾಗಾದ್ರೆ ನೀವಿಬ್ರು ಹೋಗಿ ಬನ್ನಿ. ಬೇಡ ಅನ್ನುದಿಲ್ಲ. ಮಕ್ಕಳು ನನ್ನೊಟ್ಟಿಗೆ ಊರಿಗೆ."

"ಮಕ್ಕಳಿಗಾಗಿಯೇ ಹೋಗುದು ಮಾಮಿ. ಅವರಿಲ್ಲದಿದ್ರೆ ನಾನೂ ಹೋಗುದಿಲ್ಲ."

"ಜ್ವರ ಬಂದ್ರೆ ಯಾರ ಬಾಗಿಲು ತಟ್ಟುದು?"

"ಡಾಕ್ಟ್ರ ಬಾಗಿಲು. ಇಲ್ಲಿಯೂ ಅದನ್ನೇ ತಟ್ಟುದಲ್ವಾ?"

"ದಾರಿ ತಪ್ಪಿದ್ರೆ?"

"ಕೇಳ್ತೇವೆ."

"ಯಾರ ಹತ್ರ?"

"ಎದುರಿಗೆ ಬಂದವರ ಹತ್ರ."

"ಗುರ್ತ ಇಲ್ಲದವರ ಹತ್ರ? ಮಕ್ಕಳನ್ನು ಕಟ್ಟಿಕೊಂಡು? ನೀನು ಓದಿದ್ದು ಹೆಚ್ಚಾಯ್ತು."

ಈ ಮಾತನ್ನು ನಾನು ಮೊದಲೂ ಕೇಳಿದ್ದೇನೆ. ಚಾಳಿನಲ್ಲಿ ಕೇಳಿದ್ದೇನೆ, ಮದುವೆಯ ಮನೆಗಳಲ್ಲಿ ಕೇಳಿದ್ದೇನೆ. ಯಾವತ್ತೂ ನುಂಗಿಕೊಂಡವಳಲ್ಲ, ಅಂದೂ ನುಂಗಲಿಲ್ಲ.

"ಮಾಮಿ, ನಾನು ಮದುವೆಯಾಗಿ ಈ ಮನೆಗೆ ಬಂದ ದಿನ ನಂಗೆ ಇಲ್ಲಿ ಯಾರಿದ್ರು?"

ಅವರಿಗೆ ಪ್ರಶ್ನೆಯೇ ವಿಚಿತ್ರವೆನ್ನಿಸಿತು. "ಯಾಕೆ, ನಾನಿರ್ಲಿಲ್ವಾ?"

"ನೀವು ಆಗ ನಂಗೆ ಗುರ್ತ ಇಲ್ಲದವರು. ಇವರೂ ಹಾಗೇ. ಎರಡು ಸಲ ನೋಡಿದ್ದೆ, ಅಷ್ಟೆ. ನೀವು ಮಾವನ ಮನೆಗೆ ಹೋದಾಗ ನಿಮ್ಗೆ ಅಲ್ಲಿ ಯಾರಿದ್ರು? ನಮ್ಮನ್ನೆಲ್ಲ ಹಾಗೆ ಕಳಿಸಿದ್ರಲ್ಲ, ಆಗ ಯಾರೂ ಕೇಳ್ಲಿಲ್ಲ. ಇದು ತಿರುಗಿ ಬರುವ ಪ್ರಯಾಣ. ಇದಕ್ಕೆ ಮಾತ್ರ ಗುರ್ತದವರು ಬೇಕಾ?"

ಚಿಕ್ಕಮ್ಮ ಬಾಯಿಗೆ ಸೆರಗು ಹಿಡಿದರು. ನಗು ತಡೆಯಲೋ ಅಳು ತಡೆಯಲೋ ತಿಳಿಯಲಿಲ್ಲ. ಅತ್ತೆ ಎದ್ದು ಕೋಣೆಗೆ ಹೋದರು. ಹೊರಡುವಾಗ ಚಿಕ್ಕಮ್ಮ ಉಪ್ಪಿನಕಾಯಿಯ ಡಬ್ಬವನ್ನು ಚೀಲಕ್ಕೆ ವಾಪಸು ಹಾಕಿಕೊಂಡರು. ಹಪ್ಪಳ ಮಾತ್ರ ಬಿಟ್ಟರು. "ಮಕ್ಕಳಿಗೆ ಕರಿದು ಕೊಡು" ಎಂದರು.

ಅತ್ತೆ ನನ್ನೊಡನೆ ಮಾತು ಬಿಟ್ಟರು. ಬಡಿಸುವುದನ್ನು ಬಿಡಲಿಲ್ಲ, ಮಾತು ಮಾತ್ರ ಇಲ್ಲ. ಮಕ್ಕಳನ್ನು ಬಿಟ್ಟು ಹೋಗಬೇಕೆಂದು ಮತ್ತೆ ಹೇಳಲೂ ಇಲ್ಲ. ಅದನ್ನು ಒಪ್ಪಿಗೆ ಎಂದುಕೊಳ್ಳಲು ನನಗೆ ಧೈರ್ಯವಾಗಲಿಲ್ಲ, ಆದರೆ ಪೆಟ್ಟಿಗೆ ಕಟ್ಟುವುದನ್ನು ನಿಲ್ಲಿಸಲಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ. ಸುಳ್ಳು ಹೇಳಿದವಳು ನಾನಲ್ಲ, ನಿಜ ಹೇಳಿದ್ದಕ್ಕೆ ಕಾಲಿಗೆ ಬೀಳುವ ಪೈಕಿಯೂ ನಾನಲ್ಲ.

ಒಂದು ಬೆಳಿಗ್ಗೆ ಅವರು ತಮ್ಮ ಚೀಲ ತಂದು ಬಾಗಿಲ ಬಳಿ ಇಟ್ಟರು. ಊರಿಗೆ ಹೊರಟಿದ್ದಾರೆ. ಅವರು ಯಾವತ್ತೂ ಒಬ್ಬರೇ ರೈಲು ಹತ್ತಿದವರಲ್ಲ. ಗಂಡ ಗಾಬರಿಯಾಗಿ, ಅದೇ ರೈಲಿಗೆ ಕಲ್ಯಾಣದ ನಮ್ಮವರೊಬ್ಬರು ಹೋಗುತ್ತಾರೆ, ಮಾತಾಡಿ ಒಂದೇ ಬೋಗಿಗೆ ಮಾಡಿಸುತ್ತೇನೆ ಎಂದು ಮೊಬೈಲು ತೆಗೆದರು.

"ಬೇಡ" ಎಂದರು ಅತ್ತೆ. ಹೇಳಿದ್ದು ಮಗನಿಗೆ, ನೋಡಿದ್ದು ನನ್ನನ್ನು. "ಇವಳು ಸಮುದ್ರ ದಾಟಿ ಯಾರೂ ಇಲ್ಲದೆ ಹೋಗ್ತಾಳಂತೆ. ನಂಗೆ ಉಡುಪಿಗೆ ಹೋಗ್ಲಿಕ್ಕೆ ಯಾರಾದ್ರೂ ಬೇಕಾ?"

ಪನ್ವೇಲಿನಲ್ಲಿ ರೈಲು ಹತ್ತಿಸಿದೆವು. ಅವರ ಎದುರಿನ ಸೀಟಿನಲ್ಲಿ ಒಂದು ಗುಜರಾತಿ ಕುಟುಂಬ. ಮೊಮ್ಮಕ್ಕಳ ಕೆನ್ನೆ ಹಿಂಡಿದರು, ಮಗನಿಗೆ ಔಷಧಿಯ ಮಾತು ಹೇಳಿದರು. ರೈಲು ಹೊರಟಾಗ ಕಿಟಕಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು. ಹಾಗೆ ಕುಳಿತದ್ದನ್ನು ನೋಡಿ ನನಗೆ ಬೇಸರವಾಗಲಿಲ್ಲ. ನನ್ನ ಮೇಲಿನ ಸಿಟ್ಟಿನಿಂದಲೇ ಆಗಲಿ, ಒಬ್ಬರೇ ಹೊರಟರಲ್ಲ ಎನ್ನಿಸಿತು.

ವಾರ ಬಿಟ್ಟು ನಾವೂ ಹೊರಟೆವು.

ಸಾವೊ ಪಾಲೊದಲ್ಲಿ ನಾವು ನೋಡಿದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಕಟ್ಟಡಗಳು ಮುಗಿಯುವುದೇ ಇಲ್ಲ. ಮೆಟ್ರೋದಲ್ಲಿ ಜನ ನಮ್ಮ ಲೋಕಲ್ಲಿನ ಹಾಗೆಯೇ ಒತ್ತುತ್ತಾರೆ, ಆದರೆ ಇಳಿಯುವವರಿಗೆ ಮೊದಲು ದಾರಿ ಬಿಡುತ್ತಾರೆ. ಮೊದಲ ದಿನ ಚಳಿ, ಜಿನುಗು ಮಳೆ, ನುಸಿಗುಳಿಗೆಯ ವಾಸನೆಯ ನಾಲ್ಕು ಸ್ವೆಟರುಗಳು. ಮಗಳು ನನ್ನ ಕೈ ಬಿಡಲೇ ಇಲ್ಲ. ಎರಡನೆಯ ದಿನವೂ ಬಿಡಲಿಲ್ಲ. ಅತ್ತೆ ಹೇಳಿದ್ದೇ ಸರಿಯಾಯಿತೇನೋ ಎಂದು ಒಂದು ಗಳಿಗೆ ಅನ್ನಿಸದೆ ಇರಲಿಲ್ಲ. ಅದನ್ನು ಗಂಡನ ಮುಂದೆ ಬಾಯಿ ಬಿಟ್ಟು ಹೇಳಲಿಲ್ಲ.

ನಮ್ಮ ಫ್ಲಾಟಿನ ಬೀದಿಯಲ್ಲಿ ವಾರಕ್ಕೊಮ್ಮೆ ಸಂತೆ ನಡೆಯುತ್ತದೆ. ತರಕಾರಿ, ಮೀನು, ಹಣ್ಣು, ಕೊನೆಯಲ್ಲಿ ಎಣ್ಣೆಯ ಬಾಣಲೆ, ಅದರ ಪಕ್ಕದಲ್ಲಿ ಕಬ್ಬಿನ ಹಾಲಿನ ಯಂತ್ರ. "ಗನ್ನೇ ಕಾ ರಸ್!" ಎಂದು ಮಗ ಬೀದಿಗೆ ಕೇಳುವಂತೆ ಕೂಗಿದ. ನಾಲ್ಕು ಲೋಟ ತೆಗೆದುಕೊಂಡು ಅಲ್ಲೇ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕುಳಿತೆವು. ಒಂದೇ ಗುಟುಕಿಗೆ ಮುಗಿಸಿದ ಮಗ ಇನ್ನೊಂದು ಬೇಕೆಂದ. ಗಂಡ ಏಳಹೊರಟರು. ನಾನು ಹಣವನ್ನು ಮಗಳ ಕೈಗೆ ಕೊಟ್ಟೆ.

"ಮೀ? ಏಕಟೀ?" ಎಂದಳು. ನಾನೊಬ್ಬಳೇ?

"ನೀನೇ ಹೋಗು. ನಾನು ಇಲ್ಲೇ ಕೂತಿದ್ದೇನೆ."

ಹೋದಳು. ಯಂತ್ರದ ಹಿಂದಿದ್ದ ದಪ್ಪ ಮೀಸೆಯ ಮನುಷ್ಯ ಬಗ್ಗಿ ಅವಳನ್ನು ಏನೋ ಕೇಳಿದ. ಅವಳಿಗೆ ತಿಳಿಯಲಿಲ್ಲ. ಅವನು ಇನ್ನೂ ಉದ್ದವಾಗಿ ಅದನ್ನೇ ಕೇಳಿದ. ಅವಳು ತಿರುಗಿ ನಮ್ಮನ್ನು ನೋಡಿದಳು. ಗಂಡ ಅರ್ಧ ಎದ್ದಿದ್ದರು, ಅವರ ಸ್ವೆಟರಿನ ತುದಿ ಹಿಡಿದು ಎಳೆದೆ.

"ಕೂತ್ಕೊಳ್ಳಿ ಮಾರಾಯ್ರೆ."

"ಅವಳು ಅಳ್ತಾಳೆ."

"ಅಳ್ಲಿ. ಕೂತ್ಕೊಳ್ಳಿ."

ನಾನು ಮುಖವನ್ನು ಮೀನಿನ ಅಂಗಡಿಯ ಕಡೆ ತಿರುಗಿಸಿದೆ. ಎಷ್ಟು ಹೊತ್ತು ಹಾಗೆ ಮಂಜುಗಡ್ಡೆಯ ಮೇಲಿನ ಮೀನು ನೋಡುತ್ತಾ ಕುಳಿತಿದ್ದೆನೋ ಗೊತ್ತಿಲ್ಲ. ಮತ್ತೆ ತಿರುಗಿದಾಗ ಆ ಮನುಷ್ಯ ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದು ಕೈಯಲ್ಲಿ ಅನಾನಸಿನ ಹೋಳು ಎತ್ತಿ ಹಿಡಿದಿದ್ದ. ಯಾವುದು ಸೇರಿಸಲಿ ಎಂದು ಅವನು ಇಷ್ಟು ಹೊತ್ತೂ ಕೇಳುತ್ತಿದ್ದದ್ದು. ಮಗಳು ಎರಡನ್ನೂ ನೋಡಿ ಯೋಚಿಸಿದಳು, ಅನಾನಸಿಗೆ ಬೆರಳು ತೋರಿಸಿದಳು, ಆಮೇಲೆ ಅದೇ ಬೆರಳನ್ನು ಎತ್ತಿ ಇನ್ನೂ ಒಂದು ಹೋಳು ಹಾಕು ಎಂದಳು.